ಬಚ್ಚಲೊಲೆಯ ಸಿಪ್ಪೆಯಿಂದ ಬಿಸಿಲಿನ ಕ್ರೀಮಿನವರೆಗೆ

ನಮ್ಮದು ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ ಗುಡ್ಡದ ಬುಡದ ಮನೆ. ಎದುರಿಗೆ ಅಂಗಳ, ಅಂಗಳದಾಚೆ ಮುನ್ನೂರು ಚಿಲ್ಲರೆ ಅಡಿಕೆ ಮರ. ಮೊದಲ ಕೊಯ್ಲು ಬಿದ್ದಲ್ಲಿಂದ ಮಳೆ ಹನಿಯುವವರೆಗೂ ಆ ಅಂಗಳದಲ್ಲಿ ಅಡಿಕೆ ಇಲ್ಲದ ದಿನವೇ ಇರುವುದಿಲ್ಲ. ಹಣ್ಣಡಿಕೆ ಒಣಗಿ ಚಾಲಿಯಾಗಲು 40–45 ದಿನದ ಬಿಸಿಲು ಬೇಕು. ಅಡಿಕೆಗೆ ಬೇಕಾದಷ್ಟು ಬಿಸಿಲು ಅದನ್ನು ಮಗುಚುವ ಅಮ್ಮನಿಗೂ ಬೀಳುತ್ತದೆ. ತಲೆಗೆ ಹಾಳೆಯ ಮುಟ್ಟಾಳೆ ಇಟ್ಟುಕೊಂಡರೂ ಅಂಗಳದಿಂದ ಮೇಲಕ್ಕೆ ಹೊಡೆಯುವ ಬೆಳಕನ್ನು ಮುಟ್ಟಾಳೆ ತಡೆಯುವುದಿಲ್ಲ. ನಾನು ಹೈಸ್ಕೂಲಿಗೆ ಹೋಗುವಾಗಲೇ ಅಮ್ಮನ ಎರಡೂ ಕೆನ್ನೆಯಲ್ಲಿ ಬಂಗು ಕಾಣಿಸಿಕೊಂಡಿತ್ತು. ಈಗ ಅದು ಮೂಗಿನ ಸೇತುವೆಯ ಮೇಲೆ ಬಂದು ಒಂದಕ್ಕೊಂದು ಕೂಡಿಕೊಂಡಿದೆ.

ಎಂ.ಎಸ್ಸಿ. ರಸಾಯನಶಾಸ್ತ್ರದ ಕೊನೆಯ ವರ್ಷ ಪ್ರಾಜೆಕ್ಟಿಗೆ ವಿಷಯ ಹುಡುಕುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಆ ಕೆನ್ನೆ. ಎಲ್ಲೋ ಓದುವಾಗ ಲಿಗ್ನಿನ್ ಎಂಬ ಪದ ಮತ್ತೆ ಸಿಕ್ಕಿತು. ಮರಕ್ಕೆ ಮರದ ಗಟ್ಟಿತನ ಕೊಡುವ ವಸ್ತು ಅದು. 1813ರಲ್ಲಿ ಸ್ವಿಸ್ ಸಸ್ಯವಿಜ್ಞಾನಿ ಡಿ ಕ್ಯಾಂಡೋಲ್ ಮರ ಎನ್ನುವ ಅರ್ಥದ ಲ್ಯಾಟಿನ್ ಪದದಿಂದ ಅದಕ್ಕೆ ಹೆಸರಿಟ್ಟ. ಅದರೊಳಗೆ ಬೆಂಜೀನ್ ಉಂಗುರಗಳು ಸಾಲುಸಾಲಾಗಿ ಕೂಡಿಕೊಂಡಿವೆ. ಆ ಉಂಗುರಗಳ ಎಲೆಕ್ಟ್ರಾನುಗಳು ಅತಿನೇರಳೆ ಕಿರಣವನ್ನು ಹೀರಿ ಶಾಖವಾಗಿ ಬಿಟ್ಟುಬಿಡುತ್ತವೆ. ಹೀರುವಿಕೆಯ ತುದಿ 280 ನ್ಯಾನೋಮೀಟರ್ (ಮೀಟರಿನ ನೂರು ಕೋಟಿಯಲ್ಲೊಂದು ಪಾಲು) ತರಂಗಾಂತರದ ಆಸುಪಾಸಿನಲ್ಲಿ, ಅಲ್ಲಿಂದ ಬಾಲದ ಹಾಗೆ 400ರವರೆಗೂ ಎಳೆದುಕೊಂಡು ಹೋಗುತ್ತದೆ. ಅತಿನೇರಳೆಯಲ್ಲಿ ಚರ್ಮವನ್ನು ಸುಡುವ ಭಾಗವಾದ ಯುವಿಬಿ 320ಕ್ಕೆ ಮುಗಿಯುತ್ತದೆ. ಒಳಗಿಳಿದು ಚರ್ಮವನ್ನು ಸುಕ್ಕಾಗಿಸುವ, ಕಪ್ಪಾಗಿಸುವ ಯುವಿಎ 320ರಿಂದ 400. ಅಂದರೆ ಎರಡನ್ನೂ ಮುಟ್ಟುವ ವಸ್ತು ಅದು.

ಅಡಿಕೆ ಸಿಪ್ಪೆಯ ತೂಕದಲ್ಲಿ ನೂರಕ್ಕೆ 13ರಿಂದ 25 ಪಾಲು ಲಿಗ್ನಿನ್. ನಮ್ಮಲ್ಲಿ ಸಿಪ್ಪೆ ಹೋಗುವುದು ಬಚ್ಚಲೊಲೆಗೆ, ಉಳಿದದ್ದು ಮರದ ಬುಡಕ್ಕೆ. ದೊಡ್ಡ ಕಾಗದ ಕಾರ್ಖಾನೆಗಳು ಕೂಡ ಮರದಿಂದ ಬಿಡಿಸಿದ ಲಿಗ್ನಿನಿನ ಬಹುಪಾಲನ್ನು ಉರಿಸಿಯೇ ಮುಗಿಸುತ್ತವೆ.

ಆ ಸಿಪ್ಪೆಯ ಲಿಗ್ನಿನ್ ತೆಗೆದು ಬಿಸಿಲು ತಡೆಯುವ ಕ್ರೀಮು ಮಾಡುವುದೇ ನನ್ನ ಪ್ರಾಜೆಕ್ಟು ಎಂದು ಅಪ್ಪನಿಗೆ ಹೇಳಿದಾಗ ಅವರು ತೋಟದ ಪಡುವಣ ಬದಿಗೆ ಕರೆದುಕೊಂಡು ಹೋಗಿ ಎಳೆ ಮರಗಳನ್ನು ತೋರಿಸಿದರು. ಸಂಜೆಯ ಬಿಸಿಲು ನೇರ ಬಡಿಯುವ ಕಾಂಡಗಳಿಗೆ ಸುಣ್ಣ ಬಳಿದಿದ್ದರು, ಕೆಲವಕ್ಕೆ ಸೋಗೆ ಕಟ್ಟಿದ್ದರು. ಹಾಗೆ ಮಾಡದಿದ್ದರೆ ನೈಋತ್ಯದ ಬದಿ ಮೊದಲು ಹಳದಿಯಾಗಿ, ಆಮೇಲೆ ಕಂದಾಗಿ, ಕೊನೆಗೆ ಕಾಂಡ ಸೀಳುತ್ತದೆ. "ಮರಕ್ಕೇ ಬಿಸಿಲು ತಡೀಲಿಕ್ಕೆ ಆಗುದಿಲ್ಲ ಮಗಾ, ಮತ್ತೆ ಅದರ ಸಿಪ್ಪೆ ಮನುಷ್ಯರನ್ನು ಎಂತ ಕಾಯುದು?" ಅಂದರು. ಆ ಪ್ರಶ್ನೆಯನ್ನು ನನ್ನ ನೋಟುಪುಸ್ತಕದ ಮೊದಲ ಪುಟದಲ್ಲಿ ಬರೆದಿಟ್ಟುಕೊಂಡೆ. ಪ್ರಾಜೆಕ್ಟಿನ ಉದ್ದಕ್ಕೂ ಅಷ್ಟು ಸರಿಯಾದ ಪ್ರಶ್ನೆಯನ್ನು ಬೇರೆ ಯಾರೂ ಕೇಳಲಿಲ್ಲ.

ಮೊದಲ ತಿಂಗಳು ಹೋದದ್ದು ಪುಡಿ ಮಾಡುವುದರಲ್ಲೇ. ಸಿಪ್ಪೆಯನ್ನು ಸುರಂಗದ, ಅಂದರೆ ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ಬಾವಿಯ, ನೀರಿನಲ್ಲಿ ಮೂರು ಸಲ ತೊಳೆದು ಒಣಗಿಸಿ ಮಿಕ್ಸಿಗೆ ಹಾಕಿದೆ. ಅಡಿಕೆ ನಾರು ಮುರಿಯುವುದಿಲ್ಲ, ಸುತ್ತಿಕೊಳ್ಳುತ್ತದೆ. ಬ್ಲೇಡಿನ ಬುಡಕ್ಕೆ ಜಡೆಯ ಹಾಗೆ ಹೆಣೆದುಕೊಂಡು ಮಿಕ್ಸಿಯ ಮೋಟಾರು ಸುಟ್ಟಿತು. ಆ ವಾಸನೆಗೆ ಅಮ್ಮ ಅಂಗಳದಿಂದ ಓಡಿ ಬಂದಳು. ಆಮೇಲೆ ಕತ್ತರಿಯಲ್ಲಿ ಅರ್ಧ ಇಂಚಿಗೆ ಕತ್ತರಿಸಿ ಕಾಲೇಜಿನ ಬೀಸುವ ಯಂತ್ರಕ್ಕೆ ಹಾಕಬೇಕಾಯಿತು. ಎರಡು ಸಂಜೆ ಅಪ್ಪ, ಅಮ್ಮ, ನಾನು ಮೂವರೂ ಚಾವಡಿಯಲ್ಲಿ ಕೂತು ಕತ್ತರಿಸಿದೆವು.

ಪುಡಿಯಿಂದ ನೇರ ಲಿಗ್ನಿನ್ ತೆಗೆಯಲು ಹೊರಟ ನನ್ನನ್ನು ಪ್ರಾಜೆಕ್ಟಿನ ಗೈಡ್ ಆಗಿದ್ದ ಮೇಡಂ ತಡೆದರು. ಅಡಿಕೆಯಲ್ಲಿ ಅರೆಕೋಲಿನ್ ಎಂಬ ಆಲ್ಕಲಾಯ್ಡ್, ಅಂದರೆ ಮೈಮೇಲೆ ಪರಿಣಾಮ ಬೀರುವ ಸಸ್ಯ ರಾಸಾಯನಿಕ, ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿಟ್ಟಿದೆ. ಅಡಿಕೆಯಿಂದಲೇ ಉಣ್ಣುವ ಮನೆಯವಳಾಗಿ ಇದನ್ನು ಬರೆಯುವುದು ನನಗೆ ಸುಲಭವಲ್ಲ. ಆದರೆ ಅಡಿಕೆಯ ಮೈಗೆ ಅಂಟಿಕೊಂಡಿದ್ದ ಸಿಪ್ಪೆಯನ್ನು ಮನುಷ್ಯರ ಮೈಗೆ ತರುವಾಗ ಅದನ್ನು ಮರೆತು ನಡೆಯುವಂತಿಲ್ಲ. ಹಾಗಾಗಿ ಪುಡಿಯನ್ನು ಮೊದಲು ಆಲ್ಕೋಹಾಲಿನಲ್ಲಿ, ಆಮೇಲೆ ತೆಳು ಆಮ್ಲದಲ್ಲಿ ತೊಳೆದೆ. ಪ್ರತಿ ಸಲದ ತೊಳೆನೀರಿಗೆ ಡ್ರಾಗೆಂಡಾರ್ಫ್ ದ್ರಾವಣದ ಹನಿ ಬಿಟ್ಟು ನೋಡುವುದು: ಆಲ್ಕಲಾಯ್ಡ್ ಇದ್ದರೆ ಕಿತ್ತಳೆ ಬಣ್ಣದ ಗಸಿ ಬರುತ್ತದೆ. ಮೊದಲ ತೊಳೆನೀರಿಗೆ ಬಂತು, ಎರಡನೆಯದಕ್ಕೂ ಸ್ವಲ್ಪ ಬಂತು. ಐದನೆಯ ಸಲ ಹನಿ ಬಿದ್ದ ಮೇಲೂ ನೀರು ತಿಳಿಯಾಗಿಯೇ ಉಳಿದ ಮೇಲೆ ಮುಂದಕ್ಕೆ ಹೋದೆ.

ಲಿಗ್ನಿನ್ ಬಿಡಿಸುವುದು ಕಾಸ್ಟಿಕ್ ಸೋಡದಲ್ಲಿ. 50 ಗ್ರಾಂ ಪುಡಿಯನ್ನು ಸೋಡದ ನೀರಿನಲ್ಲಿ 90 ಡಿಗ್ರಿಯಲ್ಲಿ ಮೂರು ಗಂಟೆ ಕುದಿಯದ ಹಾಗೆ ಬೇಯಿಸಿದರೆ ನೀರು ಗಟ್ಟಿ ಕಷಾಯದ ಹಾಗೆ ಕಪ್ಪಾಗುತ್ತದೆ. ನಾರು ಸೋಸಿದ ಮೇಲೆ ಆ ಕಪ್ಪು ನೀರಿಗೆ ಹನಿಹನಿಯಾಗಿ ಸಲ್ಫ್ಯೂರಿಕ್ ಆಮ್ಲ ಬಿಡಬೇಕು. ಪಿಎಚ್ ಏಳಕ್ಕಿಳಿದರೂ ಹೆಚ್ಚೇನೂ ಆದಂತೆ ಕಾಣುವುದಿಲ್ಲ. ಐದರ ಹತ್ತಿರ ಬಂದಾಗ ಬೀಕರಿನ ಅಂಚಿನಲ್ಲಿ ಮೋಡ ಕಟ್ಟುತ್ತದೆ. ಎರಡಕ್ಕೆ ಬರುವಾಗ ಎಲ್ಲ ಒಡೆದ ಹಾಲಿನ ಹಾಗೆ ಕೆನೆಕೆನೆಯಾಗಿ ಕೆಳಗಿಳಿಯುತ್ತದೆ. ಬಣ್ಣ ಮಾತ್ರ ಕಾಫಿಪುಡಿಯದು. ತೊಳೆದು ಒಣಗಿಸಿದ ಮೇಲೆ ಸಿಕ್ಕಿದ್ದು 6 ಗ್ರಾಂ.

ಉಳಿದ ನೀರನ್ನು ಏನು ಮಾಡುವುದು ಎಂಬುದು ನನಗೆ ಪ್ರಯೋಗದಷ್ಟೇ ದೊಡ್ಡ ಪ್ರಶ್ನೆಯಾಗಿತ್ತು. ಜತೆಯ ಹುಡುಗನೊಬ್ಬ ಸಿಂಕಿಗೆ ಚೆಲ್ಲು ಅಂದ. ನಾನು ಚೆಲ್ಲಲಿಲ್ಲ. ನಮ್ಮ ಊರಿನವರಿಗೆ ಈ ವಿಷಯದಲ್ಲಿ ಚರ್ಮ ತೆಳು. 1970ರ ದಶಕದ ಕೊನೆಯಿಂದ 2000ದವರೆಗೆ ನಮ್ಮ ಗೇರುಗುಡ್ಡಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. ಅದು ಕೆಳಗಿಳಿದದ್ದು ಸುರಂಗಗಳಿಗೆ, ತೋಡುಗಳಿಗೆ, ಹೊಟ್ಟೆಯೊಳಗಿನ ಮಕ್ಕಳಿಗೆ. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ನಿಲ್ಲಿಸಿತು, ಆದರೆ ನನ್ನ ಓರಗೆಯ ಎಷ್ಟೋ ಮಂದಿ ಇವತ್ತಿಗೂ ಹಾಸಿಗೆಯಿಂದ ಎದ್ದಿಲ್ಲ. "ಏನೂ ಆಗುವುದಿಲ್ಲ" ಎಂಬ ಮಾತನ್ನು ಕೇಳಿಸಿಕೊಂಡೇ ಬೆಳೆದವಳು ನಾನು. ಆ ಮಾತನ್ನು ನನ್ನ ಬಾಯಿಂದ ಹೇಳಬೇಕಾದರೆ ಕೈಯಲ್ಲಿ ಏನಾದರೂ ಆಧಾರ ಇರಬೇಕು. ನೀರನ್ನು ಕ್ಯಾನಿನಲ್ಲಿ ತುಂಬಿ, ಪಿಎಚ್ ಸರಿಮಾಡಿ, ಚೀಟಿ ಅಂಟಿಸಿ, ಕಾಲೇಜಿನ ತ್ಯಾಜ್ಯ ಕೊಂಡುಹೋಗುವವರಿಗೇ ಕೊಟ್ಟೆ.

ಇನ್ನು ನ್ಯಾನೋ ಕಣ, ಅಂದರೆ ನ್ಯಾನೋಮೀಟರಿನಲ್ಲಿ ಅಳೆಯುವಷ್ಟು ಸಣ್ಣ ಕಣ. ಲಿಗ್ನಿನ್ ಪುಡಿಯನ್ನು ಹಾಗೇ ಕ್ರೀಮಿಗೆ ಕಲಸಿದರೆ ಮರಳಿನ ಹಾಗೆ ತರಿತರಿ, ಬಣ್ಣವೂ ಕಡು. ಅದನ್ನು ಸಣ್ಣ ಉಂಡೆಗಳಾಗಿಸಿದರೆ ಬಣ್ಣ ತಿಳಿಯಾಗುತ್ತದೆ, ಚರ್ಮದ ಮೇಲೆ ಸಮನಾಗಿ ಹರಡುತ್ತದೆ. ಇದಕ್ಕೆ ದೊಡ್ಡ ಯಂತ್ರ ಬೇಡ. ಅಸಿಟೋನು ಮೂರು ಪಾಲು, ನೀರು ಒಂದು ಪಾಲು ಸೇರಿಸಿ ಅದರಲ್ಲಿ ಲಿಗ್ನಿನ್ ಕರಗಿಸಬೇಕು. ಆ ಕೆಂಪು ದ್ರಾವಣವನ್ನು ಜೋರಾಗಿ ತಿರುಗುತ್ತಿರುವ ನೀರಿಗೆ ಒಮ್ಮೆಲೇ ಹೊಯ್ಯಬೇಕು. ಲಿಗ್ನಿನ್ನಿಗೆ ನೀರು ಆಗಿಬರುವುದಿಲ್ಲ. ಅಸಿಟೋನಿನ ಆಸರೆ ತಪ್ಪಿದ ಕ್ಷಣ ಅದರ ಸರಪಳಿಗಳು ಒಂದರೊಳಗೊಂದು ಮುದುಡಿ ಗುಂಡಗಾಗುತ್ತವೆ. ನೀರಿಗೆ ಹೊಂದುವ ಗುಂಪುಗಳು ಹೊರಗೆ, ಹೊಂದದವು ಒಳಗೆ. ಕಣ್ಣಿಗೆ ಕಾಣುವುದು ಇಷ್ಟೇ: ಕೆಂಪು ಗೆರೆ ನೀರಿಗಿಳಿದ ಕೂಡಲೇ ಹಾಲು ಬೆರೆಸಿದ ಚಹಾದ ಬಣ್ಣ ಬರುತ್ತದೆ. ದೀಪ ಆರಿಸಿ ಲೇಸರ್ ಬೆಳಕು ಹಾಯಿಸಿದೆ. ಬೀಕರಿನ ಆಚೆಯಿಂದ ಈಚೆಯವರೆಗೆ ಬೆಳಕಿನ ದಾರಿ ಗೆರೆ ಎಳೆದ ಹಾಗೆ ಕಂಡಿತು. ಕರಗಿದ ಉಪ್ಪಿನ ನೀರಿನಲ್ಲಿ ಆ ದಾರಿ ಕಾಣುವುದಿಲ್ಲ. ಕಣಗಳು ಇವೆ ಎಂದು ಅದೇ ಸಾಕ್ಷಿ ಹೇಳಿತು. ಆ ರಾತ್ರಿ ಬಸ್ಸಿನಲ್ಲಿ ಪೆರ್ಲದವರೆಗೂ ನಿಂತೇ ಬಂದದ್ದು ಗೊತ್ತಾಗಲಿಲ್ಲ.

ಮರುದಿನ ಬೆಳಿಗ್ಗೆ ನೋಡಿದರೆ ಬೀಕರಿನ ತಳದಲ್ಲಿ ಕಂದು ಕೆಸರು, ಮೇಲೆ ತಿಳಿನೀರು. ಎರಡನೆಯ ಸಲವೂ ಹಾಗೇ ಆಯಿತು. ತಪ್ಪು ಎಲ್ಲಿತ್ತೆಂದು ತಿಳಿಯಲು ಎರಡು ವಾರ ಹಿಡಿಯಿತು. ಲಿಗ್ನಿನ್ನನ್ನು ನಾನು ಸಾಕಷ್ಟು ತೊಳೆದಿರಲಿಲ್ಲ. ಆಮ್ಲ ಮತ್ತು ಸೋಡ ಸೇರಿ ಆದ ಉಪ್ಪು ಅದರಲ್ಲೇ ಉಳಿದಿತ್ತು. ಕಣಗಳು ಒಂದನ್ನೊಂದು ದೂರ ತಳ್ಳುವುದು ಮೈಮೇಲಿನ ಋಣ ವಿದ್ಯುದಂಶದಿಂದ. ಉಪ್ಪಿದ್ದರೆ ಆ ತಳ್ಳುವಿಕೆ ಸಾಯುತ್ತದೆ, ಕಣಗಳು ಕೂಡಿಕೊಂಡು ಮುಳುಗುತ್ತವೆ. ತೊಳೆನೀರಿಗೆ ಬೇರಿಯಂ ಕ್ಲೋರೈಡ್ ಹಾಕಿದಾಗ ಬಿಳಿ ಬರುವುದು ನಿಲ್ಲುವವರೆಗೆ ತೊಳೆದೆ. ಅದಾದ ಮೇಲೆ ಮಾಡಿದ ದ್ರಾವಣ ಅಲುಗಲಿಲ್ಲ. ಬೇರೆ ಕಡೆಯ ಯಂತ್ರದಲ್ಲಿ ಅಳೆಸಿದಾಗ ಕಣದ ಅಳತೆ ಸರಾಸರಿ 160 ನ್ಯಾನೋಮೀಟರ್, ಮೈಯ ವಿದ್ಯುದಂಶ ಹುಟ್ಟಿಸುವ ವಿಭವ ಮೈನಸ್ 32 ಮಿಲಿವೋಲ್ಟ್. ಮೂವತ್ತನ್ನು ದಾಟಿದರೆ ಕಣಗಳು ಬಿಡಿಬಿಡಿಯಾಗಿ ನಿಲ್ಲುತ್ತವೆ ಎಂಬುದು ಈ ಕೆಲಸ ಮಾಡುವವರ ಲೆಕ್ಕ.

ಈಗ ನನ್ನನ್ನು ಇಂದಿಗೂ ಚುಚ್ಚುವ ಭಾಗ. ನೂರಕ್ಕೆ ಐದು ಪಾಲು ಕಣ ಸೇರಿಸಿ ಕ್ರೀಮು ಮಾಡಿದೆ. ಸುಡುವ ಕಿರಣವನ್ನು ಕ್ರೀಮು ಎಷ್ಟು ಪಟ್ಟು ತಗ್ಗಿಸುತ್ತದೆ ಎಂದು ಹೇಳುವ ಅಂಕಿಯಾದ ಎಸ್‌ಪಿಎಫ್ ಅಳೆಯಲು ಕಾಲೇಜುಗಳಲ್ಲಿ ಎಲ್ಲರೂ ಹಿಡಿಯುವ ಸುಲಭದ ದಾರಿ ಒಂದಿದೆ. ಕ್ರೀಮನ್ನು ಆಲ್ಕೋಹಾಲಿನಲ್ಲಿ ತೆಳ್ಳಗೆ ಮಾಡಿ, 290ರಿಂದ 320 ನ್ಯಾನೋಮೀಟರಿನವರೆಗೆ ಐದೈದರ ಅಂತರದಲ್ಲಿ ಹೀರುವಿಕೆ ಓದಿ, ಮಾನ್ಸೂರ್ ಎಂಬವರ 1986ರ ಸೂತ್ರಕ್ಕೆ ಹಾಕುವುದು. ನನಗೆ 18 ಬಂತು. ಮನೆಗೆ ಫೋನು ಮಾಡಿ ಹೇಳಿಬಿಟ್ಟೆ. ಭಾನುವಾರ ಅಕ್ಕ ಮತ್ತು ಭಾವ ಬಂದರು. ಭಾವ ಮಂಗಳೂರಿನಲ್ಲಿ ಅಂಗಡಿ ಇಟ್ಟವರು, ಕೈ ಚುರುಕು. ಅಡಿಕೆ ಗೊನೆಯ ಚಿತ್ರ, ಕೆಳಗೆ ದಪ್ಪ ಅಕ್ಷರದಲ್ಲಿ "ಎಸ್‌ಪಿಎಫ್ 18" ಎಂದು ಲೇಬಲ್ಲನ್ನೇ ಮೊಬೈಲಿನಲ್ಲಿ ಮಾಡಿ ತಂದಿದ್ದರು. "ನೂರು ಬಾಟ್ಲಿ ಮಾಡಿ ಕೊಡು, ಮತ್ತೆ ನೋಡುವ" ಅಂದರು. ಅಮ್ಮ ಆ ಚಿತ್ರವನ್ನು ತುಂಬ ಹೊತ್ತು ನೋಡಿದಳು.

ಸೋಮವಾರ ಮೇಡಂ ನನ್ನ ಹಾಳೆ ನೋಡಿ ಹೆಚ್ಚು ಮಾತಾಡಲಿಲ್ಲ. "ತೆಂಗಿನೆಣ್ಣೆಯನ್ನೂ ಹೀಗೇ ಅಳೆದು ನೋಡು" ಎಂದಷ್ಟೇ ಮಲಯಾಳದಲ್ಲಿ ಹೇಳಿದರು. ಅಳೆದೆ. ಏಳರ ಹತ್ತಿರ ಬಂತು. ತೆಂಗಿನೆಣ್ಣೆಗೆ ಎಸ್‌ಪಿಎಫ್ ಏಳೆಂಟು ಇದೆ ಎಂದು ಊರೆಲ್ಲ ಹಬ್ಬಿದ ಮಾತು ಹುಟ್ಟಿದ್ದು ಇಂಥದೇ ಅಳತೆಯಿಂದ, 2010ರಲ್ಲಿ ಅಚ್ಚಾದ ಒಂದು ಪ್ರಯೋಗದಿಂದ. ಆಮೇಲೆ ಮೇಡಂ ಅದೇ ಎಣ್ಣೆಯನ್ನೂ ನನ್ನ ಕ್ರೀಮನ್ನೂ ಇನ್ನೊಂದು ವಿಧಾನದಲ್ಲಿ ಅಳೆಸಿದರು. ಆಸ್ಪತ್ರೆಯಲ್ಲಿ ಗಾಯಕ್ಕೆ ಹಚ್ಚುವ ಟ್ರಾನ್ಸ್‌ಪೋರ್ ಟೇಪನ್ನು ಕ್ವಾರ್ಟ್ಜ್ ಗಾಜಿಗೆ ಅಂಟಿಸುತ್ತಾರೆ. ಅದರ ಏರುತಗ್ಗು ಚರ್ಮದ ಏರುತಗ್ಗಿಗೆ ಹತ್ತಿರ. ಅದರ ಮೇಲೆ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ, ಆಚೆ ಬದಿಗೆ ಎಷ್ಟು ಕಿರಣ ದಾಟಿತು, ಚದುರಿದ್ದೂ ಸೇರಿ, ಎಂದು ಅಳೆಯುತ್ತಾರೆ. ತೆಂಗಿನೆಣ್ಣೆಗೆ ಸಿಕ್ಕಿದ್ದು ಒಂದಕ್ಕಿಂತ ಚೂರು ಮೇಲೆ. ಒಂದು ಎಂದರೆ ಏನೂ ಹಚ್ಚದ ಚರ್ಮ.

ನನ್ನ ಕ್ರೀಮಿಗೆ ಬಂದದ್ದು ನಾಲ್ಕೂವರೆ.

ಮೊದಲ ವಿಧಾನ ಯಾಕೆ ಮೋಸ ಮಾಡಿತು ಎಂಬುದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ "ನೈಸರ್ಗಿಕ" ಎಂದು ಮಾರುವ ಎಷ್ಟೋ ಡಬ್ಬಿಗಳ ಹಿಂದೆ ಇಂಥ ಲೆಕ್ಕ ಇದ್ದೀತು. ನ್ಯಾನೋ ಕಣ ಬೆಳಕನ್ನು ಹೀರುವುದರ ಜತೆಗೆ ಚದುರಿಸುತ್ತದೆ. ಮಾಮೂಲಿ ಯಂತ್ರ ನೇರ ಬಂದ ಬೆಳಕನ್ನಷ್ಟೇ ನೋಡುತ್ತದೆ. ಪಕ್ಕಕ್ಕೆ ಹೋದದ್ದನ್ನೂ "ಹೀರಿತು" ಎಂದೇ ಬರೆದುಕೊಳ್ಳುತ್ತದೆ. ಚರ್ಮದ ಮೇಲೆ ಹಾಗಲ್ಲ, ಮುಂದಕ್ಕೆ ಚದುರಿದ ಬೆಳಕು ಒಳಗೇ ಹೋಗುತ್ತದೆ. ಮೇಲಾಗಿ ಟ್ಯೂಬಿನಲ್ಲಿ ಕರಗಿದ ದ್ರಾವಣ ಎಲ್ಲ ಕಡೆ ಸಮ, ಕೆನ್ನೆಯ ಮೇಲೆ ಹಚ್ಚಿದ ಪದರ ಒಂದು ಕಡೆ ದಪ್ಪ, ಇನ್ನೊಂದು ಕಡೆ ಬರಿದು. ಆ ಬರಿದು ಜಾಗದಿಂದಲೇ ಕಿರಣ ನುಗ್ಗುತ್ತದೆ. ಅಷ್ಟೇ ಅಲ್ಲ, ಆ ಸೂತ್ರ ನೋಡುವುದು 320ರವರೆಗೆ ಮಾತ್ರ. ಯುವಿಎ ಅದರ ಲೆಕ್ಕಕ್ಕೇ ಇಲ್ಲ.

ಎಸ್‌ಪಿಎಫ್ ನಾಲ್ಕೂವರೆ ಎಂದರೆ ಸುಡುವ ಕಿರಣದಲ್ಲಿ ನೂರಕ್ಕೆ 22 ಪಾಲು ಒಳಗೆ ಹೋಗುತ್ತದೆ. 15 ಇದ್ದರೆ ಹೋಗುವುದು ಸುಮಾರು 7, 30ಕ್ಕೆ 3, 50ಕ್ಕೆ 2. ಮಾರ್ಚ್ ಏಪ್ರಿಲಿನ ನಮ್ಮ ನಡುಮಧ್ಯಾಹ್ನದ ಬಿಸಿಲಲ್ಲಿ ಅತಿನೇರಳೆ ಸೂಚ್ಯಂಕ 11ನ್ನು ದಾಟುತ್ತದೆ, ಅದು ಪಟ್ಟಿಯ ತುತ್ತತುದಿ. 18 ಎಂದು ನಂಬಿ ಅಮ್ಮ ಮುಟ್ಟಾಳೆ ಬದಿಗಿಟ್ಟು ನಿಂತಿದ್ದರೆ? ಆ ಯೋಚನೆ ಬಂದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬೆಳಿಗ್ಗೆ ಭಾವನಿಗೆ ಫೋನು ಮಾಡಿ, ನಾನು ಹೇಳಿದ ಸಂಖ್ಯೆ ತಪ್ಪು, ಲೇಬಲ್ಲು ಅಳಿಸಿಬಿಡಿ ಎಂದೆ. ಅವರಿಗೆ ಬೇಸರವಾಯಿತು. "ಸ್ವಲ್ಪ ಹೆಚ್ಚುಕಮ್ಮಿ ಎಲ್ಲರೂ ಬರೀತಾರೆ ಮಾರಾಯ್ತಿ" ಅಂದರು. ಹಾಗೆ ಬರೆದರೂ ಮಾರುವಂತಿಲ್ಲ ಎಂದು ವಿವರಿಸಿದೆ. ನಮ್ಮ ದೇಶದಲ್ಲಿ ಸನ್‌ಸ್ಕ್ರೀನ್ ತಯಾರಿಸಲು 2020ರ ಸೌಂದರ್ಯವರ್ಧಕ ನಿಯಮದ ಪ್ರಕಾರ ಪರವಾನಗಿ ಬೇಕು. ಯುರೋಪಿನಲ್ಲಿ ಒಪ್ಪಿಗೆ ಪಡೆದ ಕಿರಣ ತಡೆಯುವ ವಸ್ತುಗಳ ಪಟ್ಟಿಯಲ್ಲಿ ಲಿಗ್ನಿನ್ ಹೆಸರೇ ಇಲ್ಲ.

ಹಾಗಾದರೆ ಮಾಡಿದ್ದೆಲ್ಲ ವ್ಯರ್ಥವೇ? ನನಗೆ ಹಾಗನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಹತ್ತು ಪಾಲು ಸತುವಿನ ಆಕ್ಸೈಡ್ ಹಾಕಿದ ಕ್ರೀಮಿಗೆ ಅದೇ ಟೇಪಿನ ಮೇಲೆ 9 ಬಂದಿತ್ತು. ಅದಕ್ಕೆ ಐದು ಪಾಲು ಲಿಗ್ನಿನ್ ಕಣ ಸೇರಿಸಿದಾಗ 14 ಆಯಿತು. ಒಬ್ಬನೇ ನಿಂತು ಕಾಯಲಾರದವನು ಇನ್ನೊಬ್ಬನ ಜತೆ ನಿಂತರೆ ಕೆಲಸಕ್ಕೆ ಬರುತ್ತಾನೆ. ಸತುವಿನ ಆಕ್ಸೈಡ್ ಕೂಡ ಸುಣ್ಣದ ಹಾಗೆ ಬೆಳಕನ್ನು ಹಿಂದಕ್ಕೆ ಹೊಡೆಯುತ್ತದೆ ಎಂದೇ ನಾನು ತಿಳಿದಿದ್ದೆ, ಹೆಚ್ಚಿನವರೂ ಹಾಗೇ ಹೇಳುತ್ತಾರೆ. ವಾಸ್ತವದಲ್ಲಿ ಅತಿನೇರಳೆ ಕಿರಣವನ್ನು ಅದು ಬಹುಪಾಲು ಹೀರಿಯೇ ತಡೆಯುವುದು. ಲಿಗ್ನಿನಿನ ಇನ್ನೊಂದು ಗುಣ, ಬಿಸಿಲಿನಿಂದ ಹುಟ್ಟುವ ಪುಂಡ ಕಣಗಳನ್ನು, ಅಂದರೆ ಫ್ರೀ ರ್‍ಯಾಡಿಕಲ್ಲುಗಳನ್ನು, ಹಿಡಿದು ತಣ್ಣಗಾಗಿಸುವುದು. ಅದನ್ನು ಪರೀಕ್ಷಿಸುವ ಡಿಪಿಪಿಎಚ್ ದ್ರಾವಣ ನೇರಳೆ ಹಣ್ಣಿನ ಬಣ್ಣದ್ದು. ನನ್ನ ಕಣದ ನೀರು ನಾಲ್ಕು ಹನಿ ಬಿದ್ದ ಮೇಲೆ ಅರ್ಧ ಗಂಟೆಯೊಳಗೆ ಅದು ಮಾಸಿ ಹಳದಿಗೆ ತಿರುಗಿತು. ಇಡೀ ವರ್ಷದಲ್ಲಿ ನಾನು ಕಣ್ಣಾರೆ ಕಂಡ ಅತಿ ಚೆಂದದ ವಿಷಯ ಅದು.

ಇನ್ನು ಬಣ್ಣದ ಮಾತು. ಲಿಗ್ನಿನ್ ಬಗ್ಗೆ ಬರೆಯುವವರು ಹೆಚ್ಚಾಗಿ ಕಂದು ಬಣ್ಣವನ್ನು ಅದರ ದೋಷ ಎಂದೇ ಎಣಿಸಿ, ಬಿಳಿ ಮಾಡುವ ಉಪಾಯ ಹುಡುಕುತ್ತಾರೆ. ಯಾರ ಮೈಗೆ ದೋಷ? ಸತುವಿನ ಕ್ರೀಮು ನಮ್ಮ ಮುಖಕ್ಕೆ ಹಚ್ಚಿದರೆ ಬೂದಿ ಬಳಿದ ಹಾಗೆ ಕಾಣುತ್ತದೆ. ಅದಕ್ಕೇ ಎಷ್ಟೋ ಹೆಂಗಸರು ಒಂದು ದಿನ ಹಚ್ಚಿ ಬಿಟ್ಟುಬಿಡುತ್ತಾರೆ. ನನ್ನ ಮಿಶ್ರಣದಲ್ಲಿ ಲಿಗ್ನಿನಿನ ಕಂದು ಸತುವಿನ ಬಿಳಿಯನ್ನು ಮುರಿದು ಹೆಚ್ಚುಕಮ್ಮಿ ನಮ್ಮ ಚರ್ಮದ ಬಣ್ಣಕ್ಕೇ ತಂದಿತ್ತು. ಬಂಗು ಹೆಚ್ಚಾಗುವುದು ಅತಿನೇರಳೆಯಿಂದ ಮಾತ್ರವಲ್ಲ, ಕಣ್ಣಿಗೆ ಕಾಣುವ ಬೆಳಕಿನಿಂದ, ಅದರಲ್ಲೂ ನೀಲಿಯಿಂದ. ಹಾಗಾಗಿಯೇ ಬಂಗು ಇದ್ದವರಿಗೆ ಚರ್ಮವೈದ್ಯರು ಕಬ್ಬಿಣದ ಆಕ್ಸೈಡ್ ಸೇರಿಸಿದ, ಬಣ್ಣ ಇರುವ ಸನ್‌ಸ್ಕ್ರೀನ್ ಹೇಳುವುದು. ಕಂದು ಇರುವುದೇ ಇಲ್ಲಿ ಬೇಕಾದ್ದು. ಈ ಮಾತನ್ನು ಪ್ರಬಂಧದಲ್ಲಿ ಎರಡು ಪುಟ ಬರೆದೆ, ಯಾರು ಏನೇ ಹೇಳಿದರೂ ತೆಗೆಯಲಿಲ್ಲ.

ಅಮ್ಮ ಒಂದು ಸಂಜೆ ಡಬ್ಬಿಯ ಮುಚ್ಚಳ ತೆಗೆದು ಮೂಸಿ, "ಇದನ್ನು ನಾನು ಹಚ್ಚಿ ನೋಡ್ಲಾ?" ಎಂದು ಕೇಳಿದಳು. ಬೇಡ ಅಂದೆ. ಮನುಷ್ಯರ ಮೈಗೆ ಹಚ್ಚಿ ನೋಡಲು ನೈತಿಕ ಸಮಿತಿಯ ಒಪ್ಪಿಗೆ ಬೇಕು, ಅದಕ್ಕೂ ಮೊದಲು ಜೀವಕೋಶಗಳ ಮೇಲಿನ ಪರೀಕ್ಷೆ ಆಗಬೇಕು. ಒಣಪುಡಿ ಹಾರಿ ಶ್ವಾಸಕ್ಕೆ ಹೋಗುವುದಂತೂ ಯಾವ ನ್ಯಾನೋ ಕಣದಲ್ಲೂ ಆಗಬಾರದು. ಟೈಟಾನಿಯಂ ಡೈಆಕ್ಸೈಡಿನ ನ್ಯಾನೋ ಕಣವನ್ನು ಶ್ವಾಸಕ್ಕೆ ಹೋಗುವಂಥ ಸ್ಪ್ರೇಗಳಲ್ಲಿ ಬಳಸಬಾರದೆಂದು ಯುರೋಪಿನಲ್ಲಿ ನಿಯಮವೇ ಇದೆ. ನಾನು ತೂಗುವಾಗ ಮಾಸ್ಕು ತೆಗೆಯುತ್ತಿರಲಿಲ್ಲ. "ನೀನೇ ಮಾಡಿದ್ದಲ್ವಾ, ಮತ್ತೆಂತ ಹೆದರಿಕೆ?" ಅಂದಳು. ನಾನೇ ಮಾಡಿದ್ದರಿಂದಲೇ ಹೆದರಿಕೆ ಎಂದೆ. ಅವಳು ಮುಚ್ಚಳ ತಿರುಗಿಸಿ ಡಬ್ಬಿಯನ್ನು ನನ್ನ ಕೈಗೆ ಕೊಟ್ಟಳು.

ಪೇಟೆಯಿಂದ ಕಂದು ಬಣ್ಣದ, ಸತುವು ಮತ್ತು ಕಬ್ಬಿಣದ ಆಕ್ಸೈಡ್ ಇರುವ ಒಂದು ಟ್ಯೂಬು ತಂದುಕೊಟ್ಟಿದ್ದೇನೆ. ತೋರುಬೆರಳು, ನಡುಬೆರಳು ಎರಡರ ಉದ್ದಕ್ಕೂ ಹಿಂಡಿದರೆ ಮುಖಕ್ಕೂ ಕತ್ತಿಗೂ ಬೇಕಾದ ಅಳತೆ ಎಂದು ತೋರಿಸಿದೆ. "ಇಷ್ಟಾ! ದೋಸೆಗೆ ಬೆಣ್ಣೆ ಹಚ್ಚುದಾ?" ಎಂದಳು, ಆದರೆ ಹಚ್ಚುತ್ತಾಳೆ. ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕೆಂಬುದು ಮಾತ್ರ ನೆನಪಾಗುವುದಿಲ್ಲ. ಮುಟ್ಟಾಳೆ ತೆಗೆಯುವ ಹಾಗಿಲ್ಲ ಎಂದು ಹೇಳಿದ್ದೇನೆ, ಅದನ್ನು ಕೇಳುತ್ತಾಳೆ.

ಅಪ್ಪನ ಪ್ರಶ್ನೆಗೆ ಉತ್ತರ ಹುಡುಕಿ ಹೇಳಿದೆ. ಸಿಪ್ಪೆಯ ಲಿಗ್ನಿನ್ ಕಿರಣವನ್ನು ಹೀರುತ್ತದೆ, ಆದರೆ ಕಾಂಡ ಸೀಳುವುದು ಪಡುವಣ ಬಿಸಿಲಿನ ಕಾವಿಗೂ ಸೇರಿ. ಹೀರಿದ ಕಿರಣವೂ ಕೊನೆಗೆ ಕಾವಾಗಿಯೇ ಉಳಿಯುತ್ತದೆ, ಬೆಳಕನ್ನೂ ಕಾವನ್ನೂ ಹಿಂದಕ್ಕೆ ಕಳಿಸಲು ಬಿಳಿ ಸುಣ್ಣವೇ ಬೇಕು. ಅವರು ತಲೆಯಾಡಿಸಿ, ಈ ಸಲ ಸುಣ್ಣ ಎರಡು ಕೈ ಬಳಿಯುತ್ತೇನೆ ಎಂದರು.

ಮುಂದಿನ ತಿಂಗಳು ಜೀವಕೋಶದ ಪರೀಕ್ಷೆಗೆ ಮಾದರಿ ಕಳಿಸಬೇಕು. ಹೊಸ ಸಿಪ್ಪೆ ಬೇಕಾಗುತ್ತದೆ ಎಂದು ಫೋನಿನಲ್ಲಿ ಹೇಳಿದ್ದೆ. ಕಳೆದ ವಾರ ಮನೆಗೆ ಹೋದಾಗ ಬಚ್ಚಲೊಲೆಯ ಪಕ್ಕದ ರಾಶಿಯಿಂದ ಬೇರೆ ಮಾಡಿ ಒಂದು ಗೋಣಿಚೀಲ ತುಂಬಿ ಅಟ್ಟಕ್ಕೆ ಹಾಕಿದ್ದರು. ಬಾಯಿ ಹೊಲಿದಿತ್ತು. ಅಮ್ಮನೇ ಮೂರು ನೀರಿನಲ್ಲಿ ತೊಳೆದು ಒಣಗಿಸಿದ್ದಳು.